ಹದಿನಾಲ್ಕನೇ ರಸ್ತೆಯ ಸೊಂಟ

ಹದಿನಾಲ್ಕನೇ ನಂಬರಿನ ರಸ್ತೆ ಗಡಿಯಾರದ ಗೋಪುರದಿಂದ ಹೊರಟು ಇಟ್ಟಿಗೆ ಗೂಡಿನವರೆಗೆ ಆರು ಕಿಲೋಮೀಟರ್ ಮುನ್ನೂರು ಮೀಟರ್ ನೆಟ್ಟಗೆ ಹೋಗುತ್ತದೆ. ಮೂರನೇ ಕಿಲೋಮೀಟರಿನಲ್ಲಿ ಮಾತ್ರ ಸೊಂಟ ಉಳುಕಿದ ಮುದುಕನಂತೆ ಎಡಕ್ಕೆ ವಾಲಿ, ಸುಧಾರಿಸಿಕೊಂಡು ಮತ್ತೆ ನೆಟ್ಟಗಾಗುತ್ತದೆ.

ಈ ಸೊಂಟವೇ ರಸ್ತೆ ಇಲಾಖೆಯ ಗುಮಾಸ್ತನ ಕುತ್ತಿಗೆಗೆ ಬಂತು. ರಸ್ತೆಯ ಮಾರ್ಗ, ಇತಿಹಾಸ ಬರೆದ ಫಲಕ ಮರುದಿನ ನಿಲ್ಲಬೇಕಿತ್ತು.

“ಐದು ಗಂಟೆಯೊಳಗೆ ಆ ತಿರುವಿನ ಕಾರಣ ನನ್ನ ಮೇಜಿನ ಮೇಲಿರ್ಬೇಕು. ಇಲ್ಲಾಂದ್ರೆ ನಿಮ್ಮನ್ನ ಜಲ್ಲಿ ಕ್ವಾರಿಗೆ ಹಾಕ್ತೀನಿ,” ಎಂದರು ಎಂಜಿನಿಯರು.

ಕ್ವಾರಿ ತೊಂಬತ್ತು ಕಿಲೋಮೀಟರ್ ದೂರ. ಹೆಂಡತಿಯ ಹೊಲಿಗೆ ಅಂಗಡಿ, ಮಗಳ ಶಾಲೆ ಎರಡೂ ಇಲ್ಲಿ. ಗುಮಾಸ್ತ ತಿರುವಿಗೆ ಓಡಿದ.

ಅಲ್ಲಿನ ಕ್ಷೌರಿಕ ಅರ್ಧ ಗಡ್ಡದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಹೊರಬಂದ.

“ಬರ್ಕೊಳ್ಳಿ ಸ್ವಾಮಿ. ಈ ಅಂಗಡಿ ನಮ್ಮ ತಾತಂದು. ರಸ್ತೆನೇ ಇದಕ್ಕೆ ದಾರಿ ಬಿಟ್ಟು ಪಕ್ಕಕ್ಕೆ ಹೋಯ್ತು.”

“ನಿಮ್ಮ ತಾತಂಗೆಲ್ಲಿತ್ತೋ ಅಂಗಡಿ? ಮರದ ಕೆಳಗೆ ಪೆಟ್ಟಿಗೆ ಇಟ್ಕೊಂಡು ಕೂರ್ತಿದ್ದ!” ಹಾಲಿನಕ್ಕ ಕ್ಯಾನು ಕೆಳಗಿಟ್ಟಳು. “ನನ್ನ ಮಾತು ಬರ್ಕೊಳ್ಳಪ್ಪ. ನಮ್ಮಜ್ಜಿ ಪೊರಕೆ ಹಿಡ್ಕೊಂಡು ಅಡ್ಡ ನಿಂತ್ಲು. ಆಳುಗಳೆಲ್ಲ ಸರಿದ್ರು.”

“ಪೊರಕೆಗೆ ಹೆದರಿ ಯಾರಾದ್ರೂ ನಲವತ್ತು ಮೀಟರ್ ಸರೀತಾರೇನಮ್ಮ?” ಎದುರು ಮನೆಯ ನಿವೃತ್ತ ಮೇಷ್ಟ್ರು ಗೇಟಿನಿಂದಲೇ ತಿದ್ದಿದರು. “ಇಲ್ಲಿ ಬಾವಿ ಇತ್ತು.”

“ನಮ್ಮಜ್ಜಿನ ನೀವು ನೋಡಿಲ್ಲ ಮೇಷ್ಟ್ರೇ!”

ಎರಡು ಗಂಟೆಯಾದರೂ ಇತಿಹಾಸ ಇತ್ಯರ್ಥವಾಗಲಿಲ್ಲ. ಗುಮಾಸ್ತನ ಅಂಗಿಗೆ ಸೋಪಿನ ನೊರೆ, ಪ್ಯಾಂಟಿಗೆ ಹಾಲು, ನೋಟ್‌ಬುಕ್ಕಿನಲ್ಲಿ ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದ ಬಾವಿ. ತಾನು ಹೇಳಿದ್ದಿಲ್ಲದ ಫಲಕ ನಿಂತರೆ ಕಿತ್ತೆಸೆಯುತ್ತೇನೆಂದು ಪ್ರತಿಯೊಬ್ಬರೂ ಬೆದರಿಸಿದರು.

“ಯಾವ್ದಾದ್ರೂ ಒಂದು ಒಪ್ಕೊಳ್ಳಿ ಸಾರ್,” ಒಳಗಿಂದ ಗಿರಾಕಿ ಕೂಗಿದ, “ಉಳಿದರ್ಧ ಬೋಳಿಸ್ಲಿ!”

ಗುಮಾಸ್ತ ಕಚೇರಿಗೆ ಮರಳಿ, ಹಳೆಯ ದಾಖಲೆಗಳ ಕೋಣೆಯಲ್ಲಿ ಹೆಗ್ಗಣದಂತೆ ಕೆದಕಿದ. ನಾಲ್ಕೂವರೆಗೆ ನಲವತ್ತೊಂದು ವರ್ಷ ಹಿಂದಿನ ಕಡತ ಸಿಕ್ಕಿತು. ಕಾಮಗಾರಿ ನಡೆಯುವಾಗ ಮೂರನೇ ಕಿಲೋಮೀಟರಿನಲ್ಲಿ ರೋಲರ್ ಕೆಟ್ಟು ನಿಂತಿತ್ತು. ಆಗಿನ ಅಧಿಕಾರಿ ಬರೆದಿದ್ದರು: “ಬಿಡಿಭಾಗ ಬರುವವರೆಗೆ ರೋಲರನ್ನು ಇದ್ದಲ್ಲೇ ಬಿಟ್ಟು, ರಸ್ತೆಯನ್ನು ತಾತ್ಕಾಲಿಕವಾಗಿ ಅದರ ಪಕ್ಕದಿಂದ ಒಯ್ಯುವುದು.” ಬಿಡಿಭಾಗ ಬರಲೇ ಇಲ್ಲ.

ಐದಕ್ಕೆ ಹತ್ತು ನಿಮಿಷವಿರುವಾಗ ಎಂಜಿನಿಯರು ಅದನ್ನು ಎರಡು ಸಲ ಓದಿದರು.

“ಭೇಷ್! ನಿಮಗೆ ಕ್ವಾರಿ ಇಲ್ಲ.”

ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು. ಎಂಜಿನಿಯರು ಹಾಳೆ ಮಗುಚಿದರು.

“ಅರೆ, ರೋಲರ್ ಕಾವಲಿಗೆ ಒಂದು ಹುದ್ದೆ ಮಂಜೂರಾಗಿದೆ. ಇವತ್ತಿನವರೆಗೂ ಖಾಲಿ! ಕಡತ ಹೊರಗೆ ಬಂದ್ಮೇಲೆ ಮೇಲಿನವರು ಸುಮ್ನಿರ್ತಾರಾ? ನಾಳೆಯಿಂದ ಆ ಜಾಗಕ್ಕೆ ನೀವೇ.”

“ಸಾರ್, ಅಲ್ಲಿ ರೋಲರ್ ಇಲ್ಲ. ಯಾವ ಕಾಲದಲ್ಲೋ ಗುಜರಿಗೆ ಹೋಗಿರ್ಬೇಕು.”

“ಹೋಗಿದ್ದಕ್ಕೆ ದಾಖಲೆ ಇದೆಯಾ?”

“ಇಲ್ಲ ಸಾರ್.”

“ಹಾಗಾದ್ರೆ ರೋಲರ್ ಇದೆ.”

ಗುಮಾಸ್ತ ನೋಟ್‌ಬುಕ್ ತೆರೆದ. “ಹಾಜರಿ ಪುಸ್ತಕ ಎಲ್ಲಿರುತ್ತೆ ಸಾರ್?”

ಎಂಜಿನಿಯರು ಆದೇಶದ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಓದಿದರು: “ರೋಲರಿನ ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ. ಸಹಿ ಇಲ್ಲದ ದಿನ ಗೈರುಹಾಜರಿ.”