ಸಾಯಲೊಲ್ಲದ ಶಿಳ್ಳೆ

ಗುರುಶಾಂತಯ್ಯನವರ ದನಿ ಬಾತುಕೋಳಿಯ ಹಾಗಿದೆ ಎಂದು ಮೊದಲು ಹೇಳಿದವರು ಯಾರೋ ಕೊನೆಗೂ ಗೊತ್ತಾಗಲಿಲ್ಲ. ಹೇಳಿದ್ದು ಮಾತ್ರ ಅವರ ಎದೆಯಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತು.

ಅದು ಹನ್ನೆರಡು ಮಂದಿಯ ಹವ್ಯಾಸಿ ರೇಡಿಯೋ ಕೂಟ. ಹನ್ನೊಂದು ಮಂದಿ ಗದಗ, ಹಾವೇರಿ, ಬಾಗಲಕೋಟೆಯ ಕಡೆಯವರು. ಹನ್ನೆರಡನೆಯವರು ತಂತಿ ಇಲಾಖೆಯಿಂದ ನಿವೃತ್ತರಾಗಿ ಬಂದು ಕಾಶಿಯ ಕನ್ನಡ ಮಠದ ಮಹಡಿ ಕೋಣೆ ಹಿಡಿದ ನಮ್ಮ ಗುರುಶಾಂತಯ್ಯನವರು. ದಿನಾ ಸಂಜೆ ಐದಕ್ಕೆ ಎಲ್ಲರೂ ಒಂದೇ ಫ್ರೀಕ್ವೆನ್ಸಿಯಲ್ಲಿ ಸೇರಿ ಮೊಣಕಾಲು ನೋವು, ಮೊಮ್ಮಕ್ಕಳ ಪರೀಕ್ಷೆ ಇತ್ಯಾದಿ ಮಾತಾಡಿಕೊಳ್ಳುವರು. ಇವರ ಹಳೆಯ ಸೆಟ್ಟು ಮಾತ್ರ ಕೂಟ ನಿಂತ ಜಾಗದಿಂದ ಕೂದಲೆಳೆಯಷ್ಟು ಪಕ್ಕಕ್ಕೆ ನಿಲ್ಲುತ್ತಿತ್ತು. ಅಷ್ಟಕ್ಕೇ ಇವರ ಗಂಭೀರ ಕಂಠ ಅಲ್ಲಿ ಕ್ವಾಕ್ ಕ್ವಾಕ್ ಎನ್ನುತ್ತಿತ್ತು, ಅವರ ದನಿ ಇಲ್ಲಿ.

ಇವತ್ತು ಕೂಟ ನಡೆಸುವ ಸರದಿ ಇವರದು, ಹನ್ನೆರಡು ವರ್ಷದಲ್ಲಿ ಮೊದಲ ಸಲ. ಇವತ್ತೂ ಕ್ವಾಕ್ ಎಂದರೆ ಇನ್ನು ಮೈಕು ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿಕೊಂಡರು. ಸೆಟ್ಟು ಸರಿಪಡಿಸುವ ವಿಷಯ ಯಾರಿಗೂ ತಿಳಿಸಲಿಲ್ಲ. ಸಂಜೆ ಒಮ್ಮೆಲೇ ಎಲ್ಲರನ್ನೂ ದಂಗುಬಡಿಸಬೇಕೆಂಬ ಆಸೆ.

ಕೆಲಸ ಕೇಳಲು ಸುಲಭ. ಹತ್ತು ಮೆಗಾಹರ್ಟ್ಸ್‌ನಲ್ಲಿ ದಿನವಿಡೀ ಟಿಕ್ ಟಿಕ್ ಎನ್ನುವ ಸಮಯ ಕೇಂದ್ರವೊಂದುಂಟು, ಅದು ತಪ್ಪುವುದಿಲ್ಲ. ಸೆಟ್ಟನ್ನು ಒಂದು ತಾಸು ಬಿಸಿಮಾಡಿ ಆ ಕೇಂದ್ರವನ್ನು ಹಿಡಿದರೆ ಒಂದು ಶಿಳ್ಳೆ ಕೇಳುತ್ತದೆ. ಒಳಗಿನ ಪುಟ್ಟ ತಿರುಪನ್ನು ಮೆಲ್ಲಗೆ ತಿರುಗಿಸಿದಂತೆ ಶಿಳ್ಳೆ ದಪ್ಪಗಾಗಿ, ಗುರುಗುಟ್ಟಿ, ಸತ್ತುಹೋಗಬೇಕು. ಸತ್ತರೆ ಸೆಟ್ಟು ಸರಿಯಾಯಿತೆಂದು ಅರ್ಥ. ತಿರುಪಿನ ಹಳೆಯ ಜಾಗಕ್ಕೆ ಪೆನ್ಸಿಲ್ಲಿನ ಗೆರೆ ಎಳೆದುಕೊಂಡು, ಸೆಟ್ಟು ಹಚ್ಚಿ, ಅವರು ಸ್ನಾನಕ್ಕೆ ಹೋದರು.

ಬಂದು ನೋಡಿದರೆ ಸೆಟ್ಟಿನ ತಲೆಯ ಮೇಲೆ ಒದ್ದೆ ಟವೆಲ್ಲು. ಪಕ್ಕದ ಕೋಣೆಯ ಸಂಗಮ್ಮ ಫ್ಯಾನು ಬೇರೆ ಹಚ್ಚಿ ಕೂತಿದ್ದರು.

"ಡಬ್ಬಿ ಕಾದು ಕೆಂಡ ಆಗಿತ್ತರಿ ಅಯ್ಯನವರ. ಜ್ವರ ಬಂದ ಕೂಸಿನ್ಗತೆ. ತಣ್ಣೀರ ಪಟ್ಟಿ ಹಾಕೇನಿ."

"ಅದು ಕಾಯಬೇಕ್ರೀ ತಾಯಿ. ಕಾದ ಮ್ಯಾಲೇ ಶಿಳ್ಳಿ ಸಾಯಿಸಬೇಕು."

ಇಳಕಲ್ಲಿನಿಂದ ಮುಕ್ತಿಗೆಂದು ಬಂದು ಒಂಬತ್ತು ವರ್ಷ ಕಾದಿದ್ದ ಸಂಗಮ್ಮನಿಗೆ ಸಾಯುವ ಸುದ್ದಿಯೆಂದರೆ ಎಲ್ಲಿಲ್ಲದ ಕುತೂಹಲ. "ಶಿಳ್ಳಿಗೆ ಜೀವ ಇರ್ತೈತೇನ್ರೀ? ಕಾಶ್ಯಾಗ ಸತ್ತರ ಅದಕ್ಕೂ ಮುಕ್ತಿ ಸಿಗಬೇಕಲ್ಲ," ಎಂದು ಜಪಮಾಲೆ ತಂದು ಎದುರೇ ಕೂತರು.

ಮತ್ತೆ ಒಂದು ತಾಸು ಕಾಯಿಸುವಷ್ಟರಲ್ಲಿ ಕರೆಂಟು ಹೋಯಿತು. ಬಂದ ಮೇಲೆ ಇನ್ನೊಂದು ತಾಸು. ಆಗ ಶಿಳ್ಳೆಯೂ ಕೇಳದ ಹಾಗೆ ಸೆಟ್ಟಿನ ತುಂಬ ಬರೀ ಗರಗರ. ಕೆಳಗೆ ಗಲ್ಲಿಯಲ್ಲಿ ಯಾರದೋ ಇ-ರಿಕ್ಷಾ ಚಾರ್ಜಿಗೆ ನಿಂತಿತ್ತು. ಗದ್ದಲ ಅದರ ಚಾರ್ಜರಿನದು. ಗುರುಶಾಂತಯ್ಯನವರು ಇಳಿದು ಹೋಗಿ ತಮ್ಮ ಹರಕು ಹಿಂದಿಯಲ್ಲಿ, ಶಿಳ್ಳೆ ಸಾಯುವವರೆಗೆ ಪ್ಲಗ್ ತೆಗೆಯಬೇಕೆಂದು ಕೈಮುಗಿದರು.

"ಕೌನ್ ಮರ್ ರಹಾ ಹೈ ಬಾಬಾ?" ಎಂದು, ಯಾರೋ ಸಾಯುತ್ತಿದ್ದಾರೆಂದೇ ಗಾಬರಿಯಾದ ರಿಕ್ಷಾದವನು ಪ್ಲಗ್ ಕಿತ್ತು, ಚಪ್ಪಲಿ ಬಿಟ್ಟು, ಮೇಲೆ ಬಂದು ಬಾಗಿಲಲ್ಲಿ ಕೈಕಟ್ಟಿ ನಿಂತ. ಅವನ ಹಿಂದೆ ಮಠದ ಪೂಜಾರಿ ನೀಲಕಂಠನೂ ಪಂಚಪಾತ್ರೆ ಹಿಡಿದು ಓಡಿ ಬಂದ. ಇಷ್ಟು ಮಂದಿಯ ನಡುವೆಯೇ ಗುರುಶಾಂತಯ್ಯನವರು ತಿರುಪಿಗೆ ಕೈ ಹಚ್ಚಿದರು. ಮೆಲ್ಲಗೆ ತಿರುಗಿಸಿದರು. ಶಿಳ್ಳೆ ಇಳಿಯಿತು, ದಪ್ಪಗಾಯಿತು, ಗುರುಗುಟ್ಟಿತು, ನಿಂತಿತು. ಉಳಿದದ್ದು ಟಿಕ್ ಟಿಕ್ ಒಂದೇ.

"ಹೋತು," ಎಂದು ಸಂಗಮ್ಮ ಕೈಮುಗಿದರು. ನೀಲಕಂಠ ಅಭ್ಯಾಸಬಲದಿಂದ ಸೆಟ್ಟಿನ ಕಡೆ ತೀರ್ಥ ಚಿಮುಕಿಸಹೋದ. ಪುಣ್ಯಕ್ಕೆ ಗುರುಶಾಂತಯ್ಯನವರು ಅಡ್ಡಬಂದು ಅದನ್ನು ತಮ್ಮ ತಲೆಯ ಮೇಲೇ ಹಾಕಿಸಿಕೊಂಡರು. ಆಗ ಐದಕ್ಕೆ ಐದು ನಿಮಿಷ ಬಾಕಿ ಇತ್ತು.

ಸರಿಯಾಗಿ ಐದಕ್ಕೆ ಅವರು ಎದೆಯುಬ್ಬಿಸಿ ಕೂಟವನ್ನು ಕರೆದರು. ಉತ್ತರವಾಗಿ ಬಂದದ್ದು ಕ್ವಾಕ್. ಇನ್ನೊಬ್ಬರು, ಕ್ವಾಕ್. ಒಬ್ಬರಾದ ಮೇಲೊಬ್ಬರಂತೆ ಹನ್ನೊಂದು ಬಾತುಕೋಳಿಗಳು ಹಾಜರಿ ಹಾಕಿದವು.

ಕೂಟದ ಹಿರಿಯರಾದ ಗದಗಿನ ದಯಾನಂದ ಕ್ವಾಕ್ ದನಿಯಲ್ಲೇ ಕೇಳಿದರು. "ಶಾಂತಯ್ಯ ಸರ, ನೀವೇನರ ಸೆಟ್ಟು ಬಿಚ್ಚಿದಿರೇನು?"

"ಹೌದ್ರಿ. ಸರಿ ಮಾಡಿದೆ."

ದಯಾನಂದ ಲೊಚಗುಟ್ಟಿದರು. "ಇವತ್ತ ನಿಮ್ಮ ಸರದಿ. ನಿಮಗ ಬ್ಯಾಸರ ಆಗಬಾರದಂತ ನಾವು ಹನ್ನೊಂದೂ ಮಂದಿ ಮುಂಜಾನೆ ನಮ್ಮ ನಮ್ಮ ಸೆಟ್ಟು ಬಿಚ್ಚಿ ನಿಮ್ಮ ತಪ್ಪಿಗೇ ಹೊಂದಿಸಿಕೊಂಡ್ವಿ. ನಿಮಗ ಹೇಳಿದ್ದಿಲ್ಲ."

ತನ್ನೊಬ್ಬನಿಗಾಗಿ ಹನ್ನೊಂದು ಮಂದಿ ಸರಿಯಿದ್ದುದನ್ನು ತಪ್ಪು ಮಾಡಿಕೊಂಡರಲ್ಲ ಎಂದು ಗುರುಶಾಂತಯ್ಯನವರು ಪೇಚಾಡಿದರು. "ಹತ್ತು ನಿಮಿಷ ನಿಲ್ರಿ, ಬಂದೆ," ಎಂದವರೇ ಉತ್ತರಕ್ಕೂ ಕಾಯದೆ ಸೆಟ್ಟು ಆರಿಸಿ, ಮುಚ್ಚಳ ತೆಗೆದು, ತಿರುಪನ್ನು ಪೆನ್ಸಿಲ್ ಗೆರೆಗೆ ವಾಪಸು ತಂದು ನಿಲ್ಲಿಸಿದರು.

ಮತ್ತೆ ಹಚ್ಚಿ ಕರೆದರು. ಹನ್ನೊಂದು ಸಲ ಕ್ವಾಕ್ ಬಂತು.

"ಸರ," ದಯಾನಂದರ ದನಿ ಅಳುವಂತಿತ್ತು. "ನೀವು ಸರಿ ಮಾಡಿದ್ದಕ್ಕ ಹೊಂದಲಿ ಅಂತ ನಾವೆಲ್ಲಾ ಈ ಹತ್ತು ನಿಮಿಷದಾಗ ನಮ್ಮವನ್ನ ತಿರುಗಿ ಸರಿ ಮಾಡಿಕೊಂಡ್ವಲ್ಲರಿ. ಈಗ ಮತ್ತ ನೀವೊಬ್ಬರೇ ಬಾತುಕೋಳಿ."

ಸಂಗಮ್ಮ ಜಪಮಾಲೆ ನಿಲ್ಲಿಸಿ ಸೆಟ್ಟನ್ನೇ ದಿಟ್ಟಿಸಿದರು.

"ಅಯ್ಯನವರ, ಕಾಶ್ಯಾಗ ಸತ್ತರೂ ಹಿಂಗ ಹುಟ್ಟಿ ಬರೂದು ಇರ್ತೈತೇನ್ರೀ? ನಾ ಒಂಬತ್ತು ವರ್ಷ ಕಾದೀನಿ, ಖರೇ ಹೇಳ್ರಿ."