ನಮ್ಮಕ್ಕನ ನಾಮಿನಿಗಳು

ನಮ್ಮಕ್ಕ ಬದುಕಿದ್ದಾಗಲೇ ತನ್ನ ಒಗ್ಗರಣೆ ಸೌಟಿಗೆ ಉತ್ತರಾಧಿಕಾರಿಯನ್ನು ಗೊತ್ತು ಮಾಡಿದ್ದಳು ಎಂದರೆ ನಂಬುತ್ತೀರಾ? ಸೌಟಿಗೆ ಮಾತ್ರವಲ್ಲ, ಅದನ್ನು ನೇತುಹಾಕುವ ಮೊಳೆಗೂ!

ಶುರುವಾದದ್ದು ಬ್ಯಾಂಕಿನಲ್ಲಿ. ಠೇವಣಿ ಇಡಲು ಹೋದಾಗ ಅಲ್ಲಿನ ಹುಡುಗಿ, "ಆಂಟಿ, ನಾಮಿನಿ ಯಾರು?" ಎಂದಳಂತೆ.

"ಹಂಗಂದ್ರೇನಮ್ಮ?"

"ನೀವಿಲ್ದೇ ಇದ್ರೆ ಇದನ್ನ ಯಾರ ಕೈಗೆ ಕೊಡ್ಬೇಕು, ಅವರ ಹೆಸರು ಹೇಳಿ."

ನನ್ನ ಹೆಸರು ಬರೆಸಿ ಬಂದಳು. ಒಂದು ಠೇವಣಿಗೇ ಇಷ್ಟು ಮುತುವರ್ಜಿಯಾದರೆ, ಉಳಿದ ಆಸ್ತಿಯ ಗತಿಯೇನು? ಬಸವೇಶ್ವರನಗರದ ಅವಳ ಒಂಟಿ ಕೋಣೆಯ ಬಾಡಿಗೆ ಮನೆಯ ತುಂಬ ಚೀಟಿಗಳು ಅಂಟಿಕೊಂಡವು. ಮಲ್ಲಿಗೆ ಕುಂಡಕ್ಕೆ ಓನರ್ ಸೊಸೆ. ಕುಕ್ಕರಿಗೆ ಮಹಡಿ ಮನೆಯ ಸರೋಜಮ್ಮ.

ಸರೋಜಮ್ಮ ಆಗಾಗ ಇಳಿದು ಬಂದು ಕುಕ್ಕರ್ ಪರೀಕ್ಷಿಸುತ್ತಿದ್ದರು. "ಏನ್ರೀ, ನನ್ ಕುಕ್ಕರ್ ತಳ ಹಿಡಿಸಿದೀರಲ್ಲ!"

"ನಾನಿನ್ನೂ ಇದೀನಿ ಕಣ್ರೀ!"

ಅಕ್ಕ ಬಸ್ಸಿನಿಂದಲೂ ಸುಮ್ಮನೆ ಇಳಿಯುತ್ತಿರಲಿಲ್ಲ. "ಈ ಸೀಟಿಗೆ ನೀನೇ ನಾಮಿನಿ, ಬಾಮ್ಮ" ಎಂದು ಯಾರನ್ನಾದರೂ ಕೂರಿಸಿಯೇ ಇಳಿಯುವುದು. ಒಮ್ಮೆ ಇಬ್ಬರು ಜಗಳಕ್ಕೆ ಬಿದ್ದರು. ತೀರ್ಪು ಕೊಡಲು ನಿಂತ ಅಕ್ಕ ಇಳಿದದ್ದು ಎರಡು ಸ್ಟಾಪು ಮುಂದೆ!

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು, ಮಾರೇನಹಳ್ಳಿಯಲ್ಲಿ ಇಸ್ತ್ರಿ ಅಂಗಡಿ. ದಿನಾ ಮಧ್ಯಾಹ್ನ ಒಂದೂವರೆಗೆ ಅಕ್ಕನ ಫೋನು. "ಊಟ ಆಯ್ತೇನೋ?" ಅದೊಂದೇ ಮಾತು. ನಲವತ್ತು ದಾಟಿದವನಿಗೆ ಗಿರಾಕಿಗಳ ಮುಂದೆ ನಾಚಿಕೆಯಾಗುವುದಿಲ್ಲವೇ? ಬರಬರುತ್ತಾ ಫೋನು ಎತ್ತುವುದನ್ನೇ ಬಿಟ್ಟೆ. ಕೇಳಿದರೆ, ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇತ್ತು ಎಂಬ ಸುಳ್ಳು.

ಒಂದು ದಿನ ಫೋನು ಬರಲೇ ಇಲ್ಲ. 'ಸದ್ಯ' ಎಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ. ಸಂಜೆ ಸರೋಜಮ್ಮ ಫೋನು ಮಾಡಿ, ಅಕ್ಕ ಮಧ್ಯಾಹ್ನ ಮಲಗಿದವಳು ಏಳಲಿಲ್ಲ ಎಂದರು.

ತಿಥಿ ಮುಗಿಸಿ ಮನೆ ಖಾಲಿ ಮಾಡಲು ಹೋದೆ. ಕುಂಡ, ಕುಕ್ಕರ್, ಸೌಟು ಎಲ್ಲವೂ ಅವರವರ ಮನೆ ಸೇರಿದವು. ಗೋಡೆಯ ಮೇಲೆ ನನ್ನ ಚಿಕ್ಕಂದಿನ ಫೋಟೊ ಉಳಿದಿತ್ತು. ಅದಕ್ಕೂ ಚೀಟಿ! ಅಕ್ಕನ ಸೊಟ್ಟ ಅಕ್ಷರ: 'ತಮ್ಮ. ನಾಮಿನಿ ಸರೋಜಮ್ಮ.'

ಫೋಟೊ ಬಿಚ್ಚಿ ಅವರ ಕೈಗಿಟ್ಟೆ.

"ಇದ್ಯಾಕಪ್ಪ ನಂಗೆ?" ಸರೋಜಮ್ಮ ವಾಪಸ್ಸು ಕೊಟ್ಟರು. "ನಿಮ್ಮಕ್ಕ ಬರೆದಿದ್ದು ಫೋಟೊಗಲ್ಲ."

ಈಗಲೂ ಒಂದೂವರೆಗೆ ಫೋನು ಬಡಿದುಕೊಳ್ಳುತ್ತದೆ. ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಮೊದಲ ರಿಂಗಿಗೇ ಎತ್ತುತ್ತೇನೆ.

"ಊಟ ಆಯ್ತೇನಪ್ಪಾ?"

ಆಗಿದ್ದರೂ ಇಲ್ಲ ಎನ್ನುತ್ತೇನೆ. ಸರೋಜಮ್ಮ ಬೈಯುತ್ತಾರೆ. ಅವರು ನಿಲ್ಲಿಸುವವರೆಗೂ ಕೇಳಿಸಿಕೊಳ್ಳುತ್ತೇನೆ.