ಮುಖಕ್ಕೊಂದು ಕೆಂಪು ಸ್ಟಿಕ್ಕರ್

ಒಂದು ವಾರ! ಒಂದೇ ಒಂದು ವಾರದಲ್ಲಿ ನನ್ನ ಇಬ್ಬರು ಮಕ್ಕಳನ್ನೂ ಮನೆಗೆಲಸದಲ್ಲಿ ಪಳಗಿಸಿ, ಕಂಡವರೆಲ್ಲ ಮೂಗಿನ ಮೇಲೆ ಬೆರಳಿಡುವಂತೆ ಮಾಡುತ್ತೇನೆಂದು ಆ ಭಾನುವಾರ ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದೆ. ಎದ್ದು ನಿಲ್ಲುವ ಅಗತ್ಯವೇನೂ ಇರಲಿಲ್ಲ. ಆದರೆ ಇಂಥ ಐತಿಹಾಸಿಕ ಘೋಷಣೆಗಳನ್ನು ಕೂತು ಮಾಡಿದರೆ ತೂಕ ಬರುವುದಿಲ್ಲ ನೋಡಿ!

"ಮೊದ್ಲು ನೀವು ತಿಂದ ತಟ್ಟೆ ಸಿಂಕಿಗೆ ಹಾಕಿ," ಎಂದಳು ಹೆಂಡತಿ.

ಅವಳು ನರ್ಸ್. ದಿನವಿಡೀ ಹಟಮಾರಿ ರೋಗಿಗಳಿಗೆ ಮಾತ್ರೆ ನುಂಗಿಸುವವಳು ನನ್ನ ಘೋಷಣೆಗೆಲ್ಲ ಜಗ್ಗುತ್ತಾಳೆಯೆ? ತಟ್ಟೆಯನ್ನು ಅಲ್ಲೇ ಬಿಟ್ಟು ನಾನು ಭಾಷಣ ಮುಂದುವರಿಸಿದೆ.

ಅಂದಹಾಗೆ, ನಾನು ಗಾಜಿನ ಬಾಟಲಿ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ತಪಾಸಣೆಯವನು. ಬಾಟಲಿಯನ್ನು ಬೆಳಕಿಗೆ ಹಿಡಿಯುವುದು, ಒಂದು ಕಣ್ಣು ಮುಚ್ಚುವುದು, ಕೂದಲೆಳೆಯಷ್ಟು ಗೆರೆ ಕಂಡರೂ ಪಟ್ ಅಂತ ಒಂದು ಕೆಂಪು ಸ್ಟಿಕ್ಕರ್ ಅಂಟಿಸುವುದು, ಇಷ್ಟೇ ಕೆಲಸ. ಕೆಂಪು ಬಿತ್ತೆಂದರೆ ಆ ಬಾಟಲಿಯ ಕತೆ ಮುಗಿಯಿತು, ಮತ್ತೆ ಕುಲುಮೆಗೇ! ಕಾರ್ಖಾನೆಯಲ್ಲಿ ನನ್ನನ್ನು ಕಂಡರೆ ಎಲ್ಲರೂ ನಡುಗುತ್ತಾರೆ. ಮನೆಯಲ್ಲಿ ಮಾತ್ರ ಯಾರೂ ನಡುಗುತ್ತಿರಲಿಲ್ಲ. ಈ ಕೊರತೆಯನ್ನು ನೀಗಿಸಲೆಂದೇ ಮೂಲೆಗೆ ಬಿದ್ದಿದ್ದ ಹಳೆಯ ಸ್ಟಿಕ್ಕರ್ ಸುರುಳಿಯೊಂದನ್ನು ಕೇಳಿ ತಂದಿದ್ದೆ.

ಮಗಳಿಗೆ ಹದಿನಾರು. ಆಡಿದ ಮಾತಿಗೆಲ್ಲ ಅಡ್ಡಪ್ರಶ್ನೆ ಹಾಕುವುದರಿಂದ ಅವಳು ನಮ್ಮ ಮನೆಯ ಲಾಯರಮ್ಮ. ಮಗನಿಗೆ ಹದಿನಾಲ್ಕು. ಅವನು ಎರಡನೆಯ ಕಾಲುಚೀಲ ಹಾಕಿಕೊಳ್ಳುವಷ್ಟರಲ್ಲಿ ಮೊದಲನೆಯದು ಒಗೆಯುವ ಸ್ಥಿತಿಗೆ ಬಂದಿರುತ್ತದೆ. ಆದ್ದರಿಂದ ಅವನು ಆಮೆ. ಲಾಯರಮ್ಮನ ಶಾಲೆಯವರು ರಜೆಯಲ್ಲಿ ಹತ್ತು ದಿನ ಬೆಟ್ಟ ಹತ್ತಿಸಲು ಕರೆದೊಯ್ಯುವವರಿದ್ದರು. ಅದಕ್ಕಾಗಿ ಅವಳು ಬೆನ್ನಿಗೆ ಪುಸ್ತಕ ತುಂಬಿದ ಚೀಲ ಹೊತ್ತು ನಮ್ಮ ಮನೆಯ ಮೆಟ್ಟಿಲನ್ನು ದಿನಾ ಇಪ್ಪತ್ತು ಸಲ ಹತ್ತಿಳಿಯುತ್ತಿದ್ದಳು. ಒಪ್ಪಿಗೆ ಪತ್ರ ಮುಂದಿನ ಸೋಮವಾರ ಶಾಲೆ ಸೇರಬೇಕು. ತಾಯಿಯ ಸಹಿ ಆಗಲೇ ಬಿದ್ದಿತ್ತು. ತಂದೆಯ ಸಹಿ ಬಾಕಿ!

"ಇಬ್ಬರದೂ ಸೇರಿ ಮೂರು ಕೆಂಪು ಬಿದ್ರೆ ಬೆಟ್ಟ ಬಂದ್!" ಎಂದೆ.

"ನನ್ನ ತಪ್ಪಿಗೆ ಅಕ್ಕನಿಗ್ಯಾಕೆ ಶಿಕ್ಷೆ?" ಎಂದ ಆಮೆ.

"ಕಾರ್ಖಾನೇಲಿ ಹಾಗೇನೇ. ಒಬ್ಬ ಕೆಡಿಸಿದ್ರೆ ಇಡೀ ಸಾಲಿಗೇ ಹೊಣೆ."

"ಅಪ್ಪ, ತಪಾಸಣೆ ಮಾಡೋರನ್ನ ಯಾರು ತಪಾಸಣೆ ಮಾಡ್ತಾರೆ?" ಎಂದಳು ಲಾಯರಮ್ಮ.

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ! ಸ್ಟಿಕ್ಕರ್ ಸುರುಳಿಯನ್ನು ಜೇಬಿಗೆ ಇಳಿಸಿ ಸಭೆ ಮುಗಿಸಿದೆ.

ಸೋಮವಾರ ಆಮೆ ತೊಳೆದ ಲೋಟವನ್ನು ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಸೋಪಿನ ಕಲೆ. ಪಟ್! ಮಂಗಳವಾರ ಮಂಚದ ಕೆಳಗೆ ತೆವಳಿಕೊಂಡು ಹೋಗಿ, ನಿಂಬೆಹಣ್ಣಿನ ಗಾತ್ರದ ಧೂಳಿನ ಉಂಡೆಯೊಂದನ್ನು ಸೆರೆಹಿಡಿದು ತಂದೆ. ಪಟ್! ಎರಡಾಯಿತು! ಅಲ್ಲಿಂದ ಮುಂದೆ ಇಬ್ಬರೂ ಹೇಗೆ ಟೊಂಕ ಕಟ್ಟಿದರು ಅಂತೀರಿ! ಸಿಂಕು ಥಳಥಳಿಸಿತು. ದಿಂಬುಗಳು ಮಟ್ಟಸವಾಗಿ ಕೂತವು. ಚಪ್ಪಲಿಗಳು ಜೋಡಿಜೋಡಿಯಾಗಿ ಗೋಡೆಗೆ ಬೆನ್ನು ಕೊಟ್ಟು ನಿಂತವು. ಲಾಯರಮ್ಮ ವಾಷಿಂಗ್ ಮಷೀನಿನ ಬುಡದಲ್ಲಿ ಏನನ್ನೋ ಬಿಚ್ಚಿ, ಅದರಿಂದ ಒಂದು ಗುಂಡಿ ಮತ್ತು ಎರಡು ಹೇರ್‌ಪಿನ್ ಹೊರತೆಗೆದು, ತೊಳೆದು ಮತ್ತೆ ಕೂರಿಸಿದಳು. ನಾನು ಕಾರ್ಖಾನೆಯಲ್ಲಿ ಎದೆಯುಬ್ಬಿಸಿ ಓಡಾಡಿದೆ. ಮಕ್ಕಳನ್ನು ಬೆಳೆಸುವ ಬಗ್ಗೆ ಕೇಳಿದವರಿಗೂ ಸಲಹೆ ಕೊಟ್ಟೆ, ಕೇಳದವರಿಗೂ ಕೊಟ್ಟೆ.

ಶುಕ್ರವಾರ ಆಮೆ ಪಾತ್ರೆ ತೊಳೆಯುವಾಗ ಎಂದಿನಂತೆ ಹಿಂದೆ ನಿಂತಿದ್ದೆ.

"ಅಪ್ಪ, ಕೆಲಸ ಮಾಡೋಕೆ ನಂಗೆ ಬೇಜಾರಿಲ್ಲ. ನೀವು ಹಿಂದೆ ನಿಂತ್ಕೊಂಡು ಉಸಿರು ಬಿಡ್ತೀರಲ್ಲ, ಅದಕ್ಕೇ ಬೇಜಾರು."

"ಉಸಿರು ಬಿಡದೆ ಇರೋಕಾಗುತ್ತೇನೋ?"

"ಬೇರೆ ರೂಮಲ್ಲಿ ಬಿಡಬಹುದಲ್ಲ!"

ಶನಿವಾರ ಬಂತು. ಹೆಂಡತಿಗೆ ಎರಡು ಗಂಟೆಯವರೆಗೆ ಡ್ಯೂಟಿ. ಲಾಯರಮ್ಮ ಹಾಲ್ ಒರೆಸಿ ಮುಗಿಸಿದ್ದಳು. ನಾನು ಕಿಟಕಿಯ ಸಂದಿಯಲ್ಲಿ ಬೆರಳಾಡಿಸಿದೆ, ಬಾಗಿಲ ಮರೆಯಲ್ಲಿ ಇಣುಕಿದೆ, ಮಂಡಿಯೂರಿ ಸೋಫಾದ ಕೆಳಗೆ ನೋಡಿದೆ. ಏನೂ ಇಲ್ಲ! ತಪ್ಪು ಹಿಡಿಯದೆ ಒಂದು ದಿನವನ್ನೂ ಕಳೆದವನಲ್ಲ ನಾನು. ಕೈ ತುರಿಸತೊಡಗಿತು. ತಲೆಯೆತ್ತಿದರೆ ಎದುರಿಗೆ ಮಗಳ ಮುಖ, ಗಂಟಿಕ್ಕಿಕೊಂಡು ನಿಂತಿದೆ.

"ಇದೇನಿದು ಮುಖ? ಮನೆಗೆಲಸ ನಗುನಗ್ತಾ ಮಾಡಬೇಕು!" ಎಂದವನೇ ಅವಳ ಮೂಗಿನ ತುದಿಗೆ ಪಟ್! "ಮೂರು!"

ಲಾಯರಮ್ಮ ಸ್ಟಿಕ್ಕರನ್ನು ಮೆಲ್ಲಗೆ ಕಿತ್ತು ನನ್ನ ಅಂಗೈಗೆ ಹಚ್ಚಿದಳು.

"ನೆಲ ಒರೆಸು ಅಂದ್ರಿ, ಒರೆಸಿದೆ. ಖುಷಿಯಾಗಿರು ಅಂತ ಹೇಳಿರಲಿಲ್ಲ," ಎಂದಳು. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ದಢಾರನೆ ಬಡಿದಿದ್ದರೆ ಅದಕ್ಕೊಂದು ಕೆಂಪು ಹಚ್ಚಿ ಸಮಾಧಾನಪಟ್ಟುಕೊಳ್ಳುತ್ತಿದ್ದೆ. ಅವಳು ಸದ್ದಿಲ್ಲದೆ ಹಾಕಿಕೊಂಡಳು. ಬಾಗಿಲು ತಟ್ಟಲು ಹೋದೆ. ಆದರೆ ಅಂಟಿಸಿದ ಸ್ಟಿಕ್ಕರನ್ನು ವಾಪಸ್ ತೆಗೆದುಕೊಂಡರೆ ತಪಾಸಣೆಯವನ ಮರ್ಯಾದೆ ಏನಾಗಬೇಕು?

"ನೋಡೋ ಆಮೆ, ನಗುನಗ್ತಾ ಕೆಲಸ ಮಾಡೋದು ಹೇಗೆ ಅಂತ ಈಗ ತೋರಿಸ್ತೀನಿ!"

ಮನೆಯಲ್ಲಿದ್ದ ಬಿಳಿ ಬಟ್ಟೆಗಳನ್ನೆಲ್ಲ ಬಾಚಿದೆ. ಹೆಂಡತಿಯ ನರ್ಸ್ ಯೂನಿಫಾರ್ಮು, ಮಕ್ಕಳ ಶಾಲೆಯ ಅಂಗಿಗಳು, ತಪಾಸಣೆಗೆಂದು ಮನೆಯಲ್ಲೂ ತೊಡುತ್ತಿದ್ದ ಕಾರ್ಖಾನೆಯ ನನ್ನ ಬಿಳಿ ಕೋಟು, ಎಲ್ಲವೂ ಮಷೀನಿನೊಳಗೆ!

"ಅಪ್ಪ, ಜೇಬು ನೋಡಬೇಕು..."

"ನನಗೇ ಪಾಠ ಹೇಳ್ತೀಯಾ?"

"ಪುಡಿ ಒಂದೇ ಚಮಚ..."

"ಜಾಸ್ತಿ ಹಾಕಿದ್ರೆ ಜಾಸ್ತಿ ಬಿಳಿ!" ಅರ್ಧ ಪೊಟ್ಟಣ ಸುರಿದು, ಬಿಸಿನೀರಿಗೆ ತಿರುಗಿಸಿ, ಗುಂಡಿ ಒತ್ತಿ, ಹಲ್ಲು ಕಿರಿದು ನಿಂತೆ. ನಗುನಗುತ್ತಾ!

ಇಪ್ಪತ್ತು ನಿಮಿಷಕ್ಕೆ ಮಷೀನು ನರಳಿತು. ಮೂವತ್ತಕ್ಕೆ ಬಾಯಿಂದ ನೊರೆ ಕಾರಿತು. ನೊರೆ ಬಿಳಿಯದಾಗಿರಲಿಲ್ಲ, ಗುಲಾಬಿ! ಆಗ ಕೋಟಿನ ಜೇಬು ನೆನಪಾಯಿತು. ಸ್ಟಿಕ್ಕರಿನ ಇಡೀ ಸುರುಳಿ ಅದರಲ್ಲೇ ಇತ್ತು! ಗಾಜಿನ ಕಿಟಕಿಯೊಳಗೆ ನೋಡಿದರೆ ಯೂನಿಫಾರ್ಮು, ಅಂಗಿ, ಕೋಟು, ಒಂದನ್ನೂ ಬಿಡದಂತೆ ಕೆಂಪು ಚುಕ್ಕೆ ಅಂಟಿಕೊಂಡು ಗಿರಗಿರನೆ ತಿರುಗುತ್ತಿದ್ದವು. ಇಡೀ ಸಂಸಾರವೇ ರಿಜೆಕ್ಟ್! ನೀರು ಹೊರಹೋಗುವ ದಾರಿ ಕಟ್ಟಿಕೊಂಡು, ನೊರೆ ಬಾಲ್ಕನಿ ದಾಟಿ ಕೆಳಗಿಳಿಯತೊಡಗಿತು.

"ಸಾರ್, ನಿಮ್ಮ ಮನೆಯಿಂದ ಏನೋ ಬರ್ತಾ ಇದೆ!" ಕೆಳಮನೆಯ ನಿವೃತ್ತ ಪೋಸ್ಟ್‌ಮಾಸ್ಟರರ ಕೂಗು.

"ಏನದು ಸಾರ್?" ಎಂದೆ.

"ಮೋಡ!"

ಓಡಿಹೋಗಲು ಹೆಜ್ಜೆಯಿಟ್ಟೆ, ಜಾರಿದೆ, ಕೂತೆ. ಗಂಟೆ ಹನ್ನೆರಡೂವರೆ. ಎರಡಕ್ಕೆ ಹೆಂಡತಿ! ಮಾನ ಮೂರಾಬಟ್ಟೆಯಾಗುವುದಕ್ಕೆ ಒಂದೂವರೆ ಗಂಟೆ ಮಾತ್ರ!

"ಲಾಯರಮ್ಮಾ! ಬೇಗ ಬಾರೇ!"

ಮುಚ್ಚಿದ ಬಾಗಿಲ ಹಿಂದಿನಿಂದ ತಣ್ಣಗೆ ಉತ್ತರ ಬಂತು. "ಮುಖ ಇನ್ನೂ ಸರಿಹೋಗಿಲ್ಲ ಅಪ್ಪ. ಪರವಾಗಿಲ್ವಾ?"

"ಯಾವ ಮುಖನಾದ್ರೂ ಸರಿ, ಬಾ ನನ್ನ ತಾಯಿ!"

ಬಂದಳು ನೋಡಿ! ಮೊದಲು ಸ್ವಿಚ್ ಆರಿಸಿದಳು. ನಲ್ಲಿ ತಿರುಗಿಸಿ ನೀರು ನಿಲ್ಲಿಸಿದಳು. ಬುಡದ ಮುಚ್ಚಳ ಬಿಚ್ಚಿ ಒಂದು ಹಿಡಿ ಕೆಂಪು ಮುದ್ದೆ ಎಳೆದಳು. ಗಳಗಳನೆ ನೀರು ಬಕೆಟ್ಟಿಗೆ ಇಳಿಯಿತು. "ಬಟ್ಟೆಗಳಿಗೆ ತಣ್ಣೀರು, ಬ್ಲೀಚು. ಆಮೆ, ನೀನು ಸ್ಟಿಕ್ಕರ್ ಕೀಳು. ಅಪ್ಪ, ನೀವು ಕುರ್ಚಿ ಮೇಲೆ ಕಾಲೆತ್ತಿಕೊಂಡು ಕೂತ್ಕೊಳಿ. ಏನನ್ನೂ ಮುಟ್ಟಬೇಡಿ!" ಸೇನಾಪತಿಯ ಅಪ್ಪಣೆ. ಕೂತೆ.

ಆಮೆಯ ನಿಜವಾದ ಪ್ರತಿಭೆ ನನಗೆ ಅಂದು ಕಂಡಿತು. ನಾನಾಗಿದ್ದರೆ ಹತ್ತು ಸ್ಟಿಕ್ಕರಿಗೆ ತಾಳ್ಮೆಗೆಟ್ಟು ಬಟ್ಟೆಯನ್ನೇ ಹರಿಯುತ್ತಿದ್ದೆ. ಅವನು ಉಗುರಿನ ತುದಿಯಿಂದ ಒಂದೊಂದನ್ನೇ ಎತ್ತಿ ಬಟ್ಟಲಿಗೆ ಹಾಕುತ್ತಾ, ಬಾಯಲ್ಲಿ ಎಣಿಸುತ್ತಾ ಹೋದ. ಅಕ್ಕ ಒರೆಸುತ್ತಾ, ಹಿಂಡುತ್ತಾ, ಬಟ್ಟೆಗಳನ್ನು ಜಾಲಾಡುತ್ತಾ ಹೋದಳು. ಇಬ್ಬರ ಮುಖವೂ ಗಂಟಿಕ್ಕಿಯೇ ಇತ್ತು. ಕೆಲಸ ಮಾತ್ರ ನಿಲ್ಲಲಿಲ್ಲ. ಅಂಥ ಗಂಟುಮುಖಗಳು ನನ್ನ ಕಣ್ಣಿಗೆ ಅಷ್ಟು ಮುದ್ದಾಗಿ ಹಿಂದೆಂದೂ ಕಂಡಿರಲಿಲ್ಲ!

ಎರಡು ಗಂಟೆಗೆ ಹೆಂಡತಿ ಒಳಗೆ ಬಂದಳು. ನೆಲ ಹೊಳೆಯುತ್ತಿತ್ತು, ಹಗ್ಗದ ಮೇಲೆ ಬಟ್ಟೆಗಳು ಬೆಳ್ಳಗೆ ತೂಗುತ್ತಿದ್ದವು.

"ಇದೆಲ್ಲಾ ಯಾರು ಮಾಡಿದ್ದು?"

ಲಾಯರಮ್ಮ ನನ್ನ ಕಡೆ ನೋಡಿದಳು. ನನ್ನ ಜೀವ ಬಾಯಿಗೆ ಬಂತು.

"ಮೂವರೂ ಸೇರಿ ಮಾಡಿದ್ವಿ ಅಮ್ಮ," ಎಂದಳು.

ಅಷ್ಟು ಸಾಕಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಇದನ್ನು ತಡೆಯಲಾಗಲಿಲ್ಲ. "ನನ್ನದು ತಪ್ಪಾಯ್ತು ಕಣಮ್ಮ. ಎಲ್ಲಿ ಆ ಪತ್ರ?" ಎಂದೆ. ಸಹಿ ಹಾಕಿದೆ. ಪಕ್ಕದಲ್ಲಿ ನನ್ನ ಗುಲಾಬಿ ಹೆಬ್ಬೆಟ್ಟಿನ ಗುರುತೂ ತಾನಾಗಿಯೇ ಬಿತ್ತು. ಗಂಟುಮುಖ ಬಿಚ್ಚಿಕೊಂಡಿತು. ಅವಳು ಚೀಲವನ್ನೂ ಹೊರದೆ ಮೆಟ್ಟಿಲನ್ನು ನಾಲ್ಕು ಸಲ ಹತ್ತಿಳಿದಳು.

ಆಮೆ ಬಟ್ಟಲನ್ನು ಅಮ್ಮನ ಮುಂದಿಟ್ಟ. "ಅಮ್ಮ, ಮೂರು ಕೆಂಪಿಗೆ ಬೆಟ್ಟ ಬಂದ್. ಅಪ್ಪನದು ಮುನ್ನೂರ ಅರವತ್ತೊಂದು. ಅದಕ್ಕೇನು?"

ಹೆಂಡತಿಗೆ ಎಲ್ಲವೂ ತಿಳಿದುಹೋಯಿತು. ನಗು ತಡೆದುಕೊಂಡು ತೀರ್ಪು ಕೊಟ್ಟಳು. "ಅವಳು ಹತ್ತು ದಿನ ಇರಲ್ಲ. ಅವಳ ಪಾಲಿನ ಕೆಲಸ ನಿಮ್ಮದು. ತಪಾಸಣೆ ಇವನದು!"

ಇವತ್ತು ಮೂರನೆಯ ದಿನ. ಲಾಯರಮ್ಮ ಎಲ್ಲೋ ಬೆಟ್ಟದ ನೆತ್ತಿಯಲ್ಲಿದ್ದಾಳೆ. ನಾನು ಸಿಂಕಿನ ಬುಡದಲ್ಲಿದ್ದೇನೆ. ತಟ್ಟೆಯನ್ನು ಉಜ್ಜುತ್ತಿರುವಾಗ ಬೆನ್ನ ಹಿಂದೆ ನಿಧಾನವಾಗಿ, ಬಿಸಿಬಿಸಿಯಾಗಿ ಉಸಿರು ಬಿಟ್ಟ ಸದ್ದು. ಅಯ್ಯೋ, ಇದು ಎಂಥ ಹಿಂಸೆ ಅಂತ ನನಗೆ ಗೊತ್ತೇ ಇರಲಿಲ್ಲ! ಹಲ್ಲು ಕಚ್ಚಿಕೊಂಡು ತೊಳೆದೆ. ಆಮೆ ತಟ್ಟೆಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ನಿಧಾನವಾಗಿ ಎರಡು ಸುತ್ತು ತಿರುಗಿಸಿದ.

"ತಟ್ಟೆ ಪಾಸ್ ಅಪ್ಪ," ಎಂದ.

ನಾನು ಗೆದ್ದೆನೆಂದು ಎದೆಯುಬ್ಬಿಸಿ ತಿರುಗಿದೆ. ಅಂದು ಬಟ್ಟಲಿಗೆ ಹಾಕದೆ ಜೋಪಾನವಾಗಿ ಉಳಿಸಿಕೊಂಡಿದ್ದ ಮುನ್ನೂರ ಅರವತ್ತೆರಡನೆಯ ಸ್ಟಿಕ್ಕರನ್ನು ಅವನು ನನ್ನ ಮೂಗಿನ ತುದಿಗೆ ಅಂಟಿಸಿದ. ಪಟ್!

"ಮುಖ ಫೇಲು!"